ನಡುಮನೆಯ ಮೆಟ್ಟಿಲು

ಫೆಬ್ರವರಿ 6

ಅಕ್ಕಾ,

ಕ್ಷೇಮಸಮಾಚಾರ ಆಮೇಲೆ. ಅದಕ್ಕೆಲ್ಲ ಈಗ ನನಗೆ ತಾಳ್ಮೆ ಇಲ್ಲ.

ಬೆಳಿಗ್ಗೆ ಮೇಲೆ ಕೂತು ಯಾರದೋ ಮನೆಯ ಪರದೆಗೆ ಅಂಚು ಹೊಲಿಯುತ್ತಿದ್ದೆ. ಕೆಳಗೆ ನಿನ್ನ ನಡುಮನೆಯಲ್ಲಿ ಸದ್ದಾಯಿತು. ನೀನು ಊರು ಬಿಟ್ಟ ಮೇಲೆ ಕೋಣೆಗಳಿಗೆಲ್ಲ ಬೀಗ, ನಡುಮನೆಯಲ್ಲಿ ಓಡಾಡುವವರೆಂದರೆ ನಾನು ಮತ್ತು ನನ್ನ ಗಿರಾಕಿಗಳು. ಹೊಲಿಯಲು ಕೊಡುವವರು ಯಾರೋ ಬಂದಿರಬೇಕೆಂದು ಇಳಿದೆ. ನೋಡಿದರೆ ಒಬ್ಬ ದಪ್ಪ ಮನುಷ್ಯ ಅಳತೆಪಟ್ಟಿ ಹಿಡಿದು ಗೋಡೆಯಿಂದ ಗೋಡೆಗೆ ಅಳೆಯುತ್ತಿದ್ದಾರೆ. ನನ್ನ ಕೊರಳಲ್ಲೂ ಒಂದು ಅಳತೆಪಟ್ಟಿ, ಅವರ ಕೈಯಲ್ಲೂ ಒಂದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತೆವು.

ಆಮೇಲೆ ಅವರು ಮೆಟ್ಟಿಲಿನ ಅಗಲ ಅಳೆದರು. ನಾನು ನಿಂತಿದ್ದ ಮೆಟ್ಟಿಲನ್ನೇ. "ಇದನ್ನ ಒಡೆಸಿಬಿಟ್ರೆ ಇನ್ನೂ ಎರಡು ಕಪಾಟು ಹಿಡಿಯುತ್ತೆ ಅಲ್ವಾಮ್ಮಾ?" ಎಂದು ನನ್ನನ್ನೇ ಕೇಳಿದರು. ಯಾರೆಂದು ವಿಚಾರಿಸಿದರೆ, ದೊಡ್ಡ ರಸ್ತೆಯ ಔಷಧಿ ಅಂಗಡಿಯವರಂತೆ. ಕೆಳಗಿನ ಮನೆಯನ್ನು ನೀನು ಅವರಿಗೆ ಮಾರುತ್ತಿದ್ದೀಯಂತೆ, ಮುಂಗಡವೂ ಆಗಿದೆಯಂತೆ. ಕೊನೆಗೆ, ನಾನು ಬಾಡಿಗೆಗೆ ಇರುವವಳಾ ಎಂದೂ ಕೇಳಿದರು. ನಾನು ಈ ಮನೆ ಕಟ್ಟಿದ ಮೇಸ್ತ್ರಿಯ ಮಗಳು ಎಂದು ಹೇಳಿ ಬಾಗಿಲು ತೋರಿಸಿದೆ.

ನೀನು ಮಾರುವುದು ನಿನ್ನ ಇಷ್ಟ. ಆದರೆ ನನ್ನ ಮನೆಗೆ ಇರುವುದು ಆ ಒಂದೇ ಮೆಟ್ಟಿಲು. ಅದು ಹತ್ತುವುದು ನಿನ್ನ ನಡುಮನೆಯಿಂದ. ಅದನ್ನು ಒಡೆದರೆ ನಾನು ಮೇಲೆ ಹೋಗುವುದು ಹೇಗೆ, ಹಾರಿಕೊಂಡಾ? ಇಷ್ಟು ದೊಡ್ಡ ವಿಷಯವನ್ನು ಒಡಹುಟ್ಟಿದವಳಿಗೆ ಹೇಳದೆ, ಅಳೆಯಲು ಬಂದವನ ಬಾಯಿಂದ ಕೇಳುವ ಹಾಗೆ ಮಾಡಿದೆಯಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ನಾನು ಕೂಗುತ್ತೇನೆ, ನೀನು ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕಾಗುತ್ತದೆ.

ಇಂತಿ,
ನಿನ್ನ ತಂಗಿ


ಫೆಬ್ರವರಿ 15

ಪುಟ್ಟೀ,

ಕೊನೆಯವರೆಗೂ ಓದಿದೆ.

ನಾನು ಬರೆಯಬೇಕೆಂದೇ ಇದ್ದೆ, ಅಷ್ಟರಲ್ಲಿ ಆತ ಅವಸರಪಟ್ಟು ಅಳೆಯಲು ಬಂದುಬಿಟ್ಟಿದ್ದಾರೆ. ಇಲ್ಲಿ ನಾನು ಬಾಡಿಗೆಗೆ ಇರುವ ಮನೆಯನ್ನು ಮಾಲೀಕರು ಮಾರುತ್ತಿದ್ದಾರೆ. ಬೇಕಿದ್ದರೆ ಮೊದಲು ನೀವೇ ತೆಗೆದುಕೊಳ್ಳಿ ಎಂದಿದ್ದಾರೆ. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಾಗಿಲು. ನನಗೆ ಅಷ್ಟು ಸಾಕು. ಅದನ್ನು ಕೊಳ್ಳಬೇಕಾದರೆ ಕೆಳಗಿನ ಮನೆ ಮಾರಲೇಬೇಕು. ಅದು ನನ್ನ ಪಾಲು, ಮಾರಲು ನಿನ್ನ ಒಪ್ಪಿಗೆ ಬೇಕಿಲ್ಲವೆಂದು ನಮ್ಮ ವಕೀಲರು ಹೇಳಿದ್ದಾರೆ.

ಬೇಕಾಗಿರುವುದು ಒಂದೇ ಒಂದು ಸಹಿ. ಕೊಳ್ಳುವವರ ವಕೀಲರು ಬರೆದ ಪತ್ರ ಇದರ ಜೊತೆಗಿದೆ. ನಡುಮನೆಯಲ್ಲಿ ಓಡಾಡುವ ಹಕ್ಕು ನಿನಗಿಲ್ಲ, ಮುಂದೆಯೂ ಕೇಳುವುದಿಲ್ಲ ಎಂದು ಅದರಲ್ಲಿದೆ. ಹೆದರಬೇಡ, ಅದು ಕಾಗದದ ಮಟ್ಟಿಗೆ ಮಾತ್ರ. ನೀನು ಬೇರೆ ಏರ್ಪಾಡು ಮಾಡಿಕೊಳ್ಳುವವರೆಗೆ ಮೆಟ್ಟಿಲು ಒಡೆಯುವುದಿಲ್ಲ, ಓಡಾಡಲು ಬಿಡುತ್ತೇನೆ ಎಂದು ಆತ ಬಾಯಿಮಾತು ಕೊಟ್ಟಿದ್ದಾರೆ. ವ್ಯಾಪಾರಸ್ಥರು, ಮಾತಿಗೆ ತಪ್ಪಲಾರರು.

ಸಹಿ ಹಾಕಿ ಕಳಿಸು. ಬಿಸಿಲು ಹೆಚ್ಚಾಗುತ್ತಿದೆ, ಮೇಲಿನ ಮನೆ ಕಾಯುತ್ತದೆ. ಮಧ್ಯಾಹ್ನ ಮೆಷಿನ್ ಮುಂದೆ ಕೂರಬೇಡ.

ನಿನ್ನ ಅಕ್ಕ


ಫೆಬ್ರವರಿ 24

ಅಕ್ಕಾ,

ಸಹಿ ಹಾಕದ ಪತ್ರ ಇದರ ಜೊತೆಗಿದೆ. ಹಾಗೆಯೇ ಮಡಚಿ ಅವರಿಗೆ ವಾಪಸು ಕೊಡು.

ನನಗೂ ಒಬ್ಬರು ವಕೀಲರಮ್ಮ ಗೊತ್ತು. ಅವರ ಕರಿಕೋಟಿನ ತೋಳು ಯಾವಾಗಲೂ ಉದ್ದ, ಗಿಡ್ಡ ಮಾಡಿಕೊಡುವವಳು ನಾನು. ಮೊನ್ನೆ ಕೋಟು ತೊಡಿಸಿ, ಎರಡು ತೋಳಿಗೂ ಪಿನ್ನು ಚುಚ್ಚಿ, ಅಲ್ಲಾಡಬೇಡಿ ಅಂತ ನಿಲ್ಲಿಸಿ ಎಲ್ಲ ಪ್ರಶ್ನೆ ಕೇಳಿದೆ. ಪಾಪ, ಕೈ ಚಾಚಿಕೊಂಡೇ ಉತ್ತರ ಕೊಟ್ಟರು.

ನಿನ್ನ ಪಾಲನ್ನು ನೀನು ಮಾರಬಹುದು, ಅದು ನಿಜ. ಆದರೆ ನನ್ನ ದಾರಿಯನ್ನು ನೀನು ಮಾರಲಾರೆ. ಒಂದೇ ಮನೆಯನ್ನು ಪಾಲು ಮಾಡಿದಾಗ ಒಂದು ಪಾಲಿಗೆ ಬೇರೆ ದಾರಿಯೇ ಇಲ್ಲದಿದ್ದರೆ, ಇದ್ದ ದಾರಿ ಆ ಪಾಲಿನ ಜೊತೆಗೇ ಬರುತ್ತದಂತೆ. ಪಾಲುಪತ್ರದಲ್ಲಿ ಬರೆಯದಿದ್ದರೂ ಬರುತ್ತದಂತೆ. ಕೊಳ್ಳುವವರು ನಮಗೆ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. ನಡುಮನೆಯ ಮಧ್ಯೆ ನಿಂತಿರುವ ಮೆಟ್ಟಿಲು ಯಾರ ಕಣ್ಣಿಗೆ ಬೀಳುವುದಿಲ್ಲ? ಆ ಮಹಾಶಯರು ಅದನ್ನು ಅಳೆದೂ ಹೋಗಿದ್ದಾರೆ. ಇಂಥ ವಿಷಯವನ್ನು ಮಾರುವವಳಾದ ನೀನೇ ಮೊದಲು ಅವರಿಗೆ ಬಿಡಿಸಿ ಹೇಳಬೇಕಿತ್ತಂತೆ.

ಇನ್ನು ಆ ಕಾಗದದ ಮಟ್ಟಿಗಿನ ಕಾಗದ. ನಾನು ಅದಕ್ಕೆ ಸಹಿ ಹಾಕಿದರೆ ಇರುವ ಹಕ್ಕನ್ನು ನಾನೇ ಕೈಯಾರೆ ಬಿಟ್ಟುಕೊಟ್ಟ ಹಾಗೆ. ಬಾಯಿಮಾತು ಕೋರ್ಟಿನ ಮೆಟ್ಟಿಲನ್ನೂ ಹತ್ತುವುದಿಲ್ಲ, ನನ್ನ ಮೆಟ್ಟಿಲನ್ನೂ ಹತ್ತಿಸುವುದಿಲ್ಲ. ನಾಳೆ ಅವರು ಇನ್ನೊಬ್ಬರಿಗೆ ಮಾರಿದರೆ ಆ ಇನ್ನೊಬ್ಬರು ಯಾವ ಮಾತನ್ನೂ ಕೊಟ್ಟಿರುವುದಿಲ್ಲ. ಇದನ್ನೆಲ್ಲ ನಿನ್ನ ವಕೀಲರು ನಿನಗೆ ಹೇಳಲಿಲ್ಲವೋ, ಹೇಳಿದ ಮೇಲೂ ನೀನು ನನಗೆ ಕಳಿಸಿದೆಯೋ? ಎರಡನೆಯದೇ ಆಗಿದ್ದರೆ ನನಗೆ ತಿಳಿಸಬೇಡ.

ಪಾಲುಪತ್ರ ಬರೆಸಿದ ದಿನ ನೆನಪಿದೆಯಾ? ಮೆಟ್ಟಿಲು ಯಾರ ಪಾಲಿಗೆ ಎಂದು ಬರೆಯುವವರು ಕೇಳಿದ್ದಕ್ಕೆ ಅಪ್ಪನಿಗೆ ಸಿಟ್ಟು ಬಂತು. "ಅಕ್ಕ ತಂಗಿ ನಡುವೆ ಮೆಟ್ಟಿಲಿಗೊಂದು ಕರಾರಾ?" ಅಂದರು. ಬೇರೆಯವರಿಗೆ ಕಟ್ಟಿದ ಮನೆಗಳಿಗೆಲ್ಲ ಮೆಟ್ಟಿಲು ಹೊರಗಿಟ್ಟ ಮನುಷ್ಯ, ನಮ್ಮದಕ್ಕೆ ಮಾತ್ರ ಒಳಗಿಟ್ಟರು. ಹೊರಗಿಟ್ಟರೆ ಇಬ್ಬರೂ ಮುಖ ನೋಡಿಕೊಳ್ಳದೆ ಬದುಕಿಬಿಡುತ್ತಾರೆ ಅಂತ ಅವರ ಲೆಕ್ಕ. ಈಗ ಮುಖ ನೋಡುವುದಿರಲಿ, ವಕೀಲರ ಪತ್ರ ನೋಡುವ ಹಾಗಾಯಿತು.

ಇಂತಿ,
ನಿನ್ನ ತಂಗಿ


ಮಾರ್ಚ್ 12

ಪುಟ್ಟೀ,

ವಕೀಲರಮ್ಮನಿಗೆ ಇನ್ನೊಂದು ಪ್ರಶ್ನೆ ಕೇಳಿದೆಯಾ? ಆ ದಾರಿ ಮನೆಗೋ, ಅಂಗಡಿಗೋ? ಮೇಲಿನ ಮನೆಯಲ್ಲಿ ವಾಸ ಮಾಡುವವರು ಹತ್ತಿ ಇಳಿಯಲೋ, ಊರಿನ ಬಟ್ಟೆಗಂಟೆಲ್ಲ ಹತ್ತಿ ಇಳಿಯಲೋ? ಕೇಳಿಯೇ ಇರುತ್ತೀಯ. ಉತ್ತರ ನಿನಗೆ ಹಿಡಿಸಿರಲಿಕ್ಕಿಲ್ಲ, ಅದಕ್ಕೇ ಬರೆದಿಲ್ಲ. ನಾನು ಕೇಳಿದೆ. ವಾಸಕ್ಕಿದ್ದ ದಾರಿಯನ್ನು ವ್ಯಾಪಾರದ ದಾರಿ ಮಾಡಿಕೊಂಡರೆ ಆಕ್ಷೇಪಣೆ ಎತ್ತಬಹುದಂತೆ. ನಾನು ಎತ್ತಲಿಲ್ಲ. ಒಂದು ದಿನವೂ ಎತ್ತಲಿಲ್ಲ.

ಹಗಲೆಲ್ಲ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತು, ಕೆನ್ನೆ ಊದಿಸಿಕೊಂಡು ಬಂದವರಿಗೆ, ಸ್ವಲ್ಪ ಕೂತ್ಕೊಳ್ಳಿ, ಕರೀತೀನಿ ಅನ್ನುವುದು ನನ್ನ ಕೆಲಸ. ಸಂಜೆ ಮನೆಗೆ ಬಂದರೆ ನನ್ನ ಸೋಫಾದ ಮೇಲೆ ನಿನ್ನ ಗಿರಾಕಿಗಳು. ಅವರಿಗೂ ಅದೇ ಮಾತು. ನೀರು ಕೇಳಿದರೆ ನೀರು, ಸೆಕೆ ಅಂದರೆ ಫ್ಯಾನು. ಮಕ್ಕಳ ಯೂನಿಫಾರಂ ಹೊಲಿಸುವ ತಿಂಗಳಲ್ಲಿ ನನ್ನ ಮನೆಯಲ್ಲಿ ನನಗೇ ಕೂರಲು ಜಾಗ ಇರುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಊಟ ಮಾಡಿದ್ದೇನೆ. ಹಗಲು ಹೊತ್ತು ಮುಂಬಾಗಿಲಿಗೆ ಚಿಲಕ ಹಾಕಿದ್ದು ನನಗೆ ನೆನಪೇ ಇಲ್ಲ. ನಾನೂ ನಿನ್ನ ಭಾವನೂ ಒಂದು ಜಗಳ ಕೂಡ ನೆಟ್ಟಗೆ ಆಡಲಿಲ್ಲ. ಅರ್ಧ ಆಡುವಷ್ಟರಲ್ಲಿ ಯಾರೋ ಒಬ್ಬರು ನಗುತ್ತ ಒಳಗೆ ಬರುತ್ತಿದ್ದರು.

ಅವರಿಗೆ ಹುಷಾರು ತಪ್ಪಿದಾಗ ಕೋಣೆಯಲ್ಲಿ ಗಾಳಿ ಸಾಲದೆಂದು ಮಂಚವನ್ನು ನಡುಮನೆಗೆ ತಂದೆವು. ನಿನ್ನ ಗಿರಾಕಿಗಳು ಮಂಚ ಬಳಸಿಕೊಂಡು ಮೆಟ್ಟಿಲು ಹತ್ತಿದರು. ಒಬ್ಬಳು ಅವರ ಕಾಲಿನ ಮೇಲೆ ಬಟ್ಟೆಗಂಟು ಇಟ್ಟು ಚಪ್ಪಲಿ ಸರಿಮಾಡಿಕೊಂಡಳು. ಅವರು ಅಲುಗಾಡದೆ ಮಲಗಿದ್ದರು, ಅವಳಿಗೆ ತೊಂದರೆಯಾಗಬಾರದೆಂದು.

ಅವರು ತೀರಿಕೊಂಡ ಮರುದಿನ ನೀನು ಮರಣಪತ್ರ ತರಲು ಆಸ್ಪತ್ರೆಗೆ ಹೋಗಿದ್ದೆ. ನಾನೊಬ್ಬಳೇ ಕೂತಿದ್ದೆ. ಒಬ್ಬಾಕೆ ಒಳಗೆ ಬಂದು, "ಅಕ್ಕಾ, ತಂಗಿ ಇಲ್ವಾ? ನನ್ನ ಕೋಟು ಆಗಿದ್ಯಾ ಸ್ವಲ್ಪ ನೋಡಿ, ನಾಳೆ ಊರಿಗೆ ಹೋಗ್ಬೇಕು" ಅಂದಳು. ನಾನು ಎದ್ದೆ. ಮೇಲೆ ಹೋಗಿ ಹುಡುಕಿದೆ. ಕೋಟು ಸಿಕ್ಕಿತು, ಗುಂಡಿ ಹಾಕಿರಲಿಲ್ಲ. ನಿನ್ನ ಮೆಷಿನ್ ಪಕ್ಕ ಕೂತು ಗುಂಡಿಗಳನ್ನೆಲ್ಲ ಹಾಕಿ ತಂದುಕೊಟ್ಟೆ. ಆಕೆ ಕೋಟು ತೊಟ್ಟು ನೋಡಿಕೊಂಡಳು. ಆಮೇಲೆ ನನ್ನ ಮುಖ ನೋಡಿ, ಯಾಕಕ್ಕಾ, ಹುಷಾರಿಲ್ವಾ ಎಂದು ಕೇಳಿದಳು.

ಡಾಕ್ಟರು ಊರು ಬದಲಿಸಿದಾಗ ನಾನೂ ಹೊರಟೆ. ಎಲ್ಲರೂ ಸಂಬಳಕ್ಕೆ ಹೋದಳು ಅಂದುಕೊಂಡರು, ನೀನೂ ಅಂದುಕೊಂಡೆ. ಯಾವ ಕಾನೂನು ಆ ದಾರಿಯನ್ನು ನಿನಗೆ ಕೊಟ್ಟಿತೋ ನನಗೆ ಗೊತ್ತಿಲ್ಲ. ನನ್ನನ್ನಂತೂ ಯಾರೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ, ನೀನೂ ಕೇಳಲಿಲ್ಲ.

ಅಕ್ಕ


ಏಪ್ರಿಲ್ 21

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ. ಬರೆದದ್ದೆಲ್ಲ ಹರಿದು ಹಾಕಿದೆ.

ಆ ಕೋಟಿಗೆ ಗುಂಡಿ ನಾನೇ ಹಾಕಿ ಮರೆತಿದ್ದೇನೆ ಅಂದುಕೊಂಡಿದ್ದೆ. ನೀನು ಹಾಕಿದ್ದು ಎಂದು ನಿನ್ನ ಕಾಗದ ಓದುವವರೆಗೆ ನನಗೆ ಗೊತ್ತಿರಲಿಲ್ಲ. ಆ ದಿನ ಅವಳನ್ನು ನೀನು ಕತ್ತು ಹಿಡಿದು ಆಚೆ ಹಾಕಬೇಕಿತ್ತು. ಸಂಜೆ ನಾನು ಬಂದಾಗ ನನ್ನನ್ನೂ ಬೈಯಬೇಕಿತ್ತು. ಅದು ಬಿಟ್ಟು, ಮನಸ್ಸಿನಲ್ಲೇ ಒಂದೊಂದಾಗಿ ಕೂಡಿಟ್ಟುಕೊಂಡು, ಈಗ ಮನೆ ಮಾರುವ ಹೊತ್ತಿಗೆ ನನ್ನ ತಲೆಯ ಮೇಲೆ ಸುರಿಯುತ್ತೀಯ. ಒಂದು ಸಲ, ಒಂದೇ ಒಂದು ಸಲ, "ಬೇಡ ಕಣೇ" ಅಂದಿದ್ದರೆ ನಾನು ಬೇರೆ ಕಡೆ ಅಂಗಡಿ ನೋಡುತ್ತಿರಲಿಲ್ಲವಾ? ನಗುನಗುತ್ತ ನೀರು ಕೊಡುವವಳ ಹೊಟ್ಟೆಯಲ್ಲಿ ಏನಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು?

ಇನ್ನು ನನ್ನದೂ ಕೇಳು. ನಿನಗೆ ನಾನು ಹಾದುಹೋಗುವುದು ಕಾಣಿಸುತ್ತಿತ್ತು. ಹಾದುಹೋಗುವವಳಿಗೆ ಏನಾಗುತ್ತಿತ್ತು ಎಂದು ನೀನು ಯೋಚಿಸಿದೆಯಾ? ನೀನು ಊರು ಬಿಡುವವರೆಗೂ ನಾನು ನನ್ನ ಮನೆಗೆ ಒಂದು ದಿನವೂ ಯಾರ ಕಣ್ಣಿಗೂ ಬೀಳದೆ ಹೋಗಿಲ್ಲ. ಎಲ್ಲಿಗೆ ಹೊರಟೆ, ಯಾಕೆ ತಡ, ಚೀಲದಲ್ಲೇನು. ಭಾವ ಪೇಪರಿನಿಂದ ತಲೆ ಎತ್ತುತ್ತಿದ್ದರು, ನೀನು ಅಡುಗೆಮನೆಯಿಂದ ಕತ್ತು ಹಾಕುತ್ತಿದ್ದೆ.

ಪುಸ್ತಕ ಬೈಂಡ್ ಮಾಡುತ್ತಿದ್ದವನು ಒಂದು ಭಾನುವಾರ ನನ್ನನ್ನು ನೋಡಲು ಬಂದಿದ್ದ. ನಾನೇ ಕರೆದಿದ್ದೆ, ಮೇಲೆ ಟೀ ಮಾಡಿಟ್ಟುಕೊಂಡು ಕಾಯುತ್ತಿದ್ದೆ. ಭಾವ ಅವನನ್ನು ಸೋಫಾದ ಮೇಲೆ ಕೂರಿಸಿಕೊಂಡು ಸಂಪಾದನೆ ಕೇಳಿದರು, ನೀನು ಮನೆತನ ಕೇಳಿದೆ. ಮೇಲಿಂದ ಎಲ್ಲ ಕೇಳಿಸುತ್ತಿತ್ತು. ಅವನು ಅಲ್ಲಿಂದಲೇ ಎದ್ದು ಹೋದ. ಮೆಟ್ಟಿಲಿನವರೆಗೂ ಬರಲಿಲ್ಲ, ಆಮೇಲೆ ಯಾವತ್ತೂ ಬರಲಿಲ್ಲ. ನಾನು ಆ ರಾತ್ರಿ ಇಳಿದು ಬಂದು ನಿಮ್ಮ ಜೊತೆ ಊಟ ಮಾಡಿದೆ, ನೀನು ಇನ್ನೊಂದು ಸೌಟು ಬಡಿಸಿದೆ. ಸುಮ್ಮನಿರುವುದು ನಿನಗೊಬ್ಬಳಿಗೇ ಬರುತ್ತದೆ ಅಂದುಕೊಳ್ಳಬೇಡ.

ಗಿರಾಕಿಗಳನ್ನು ಈಗ ನಡುಮನೆಯೊಳಗೆ ಬಿಡುತ್ತಿಲ್ಲ. ಬೀದಿ ಕಡೆ ಕಿಟಕಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಬಿಡುತ್ತೇನೆ, ಬಟ್ಟೆ ಅದರಲ್ಲಿ ಹತ್ತುತ್ತದೆ, ಇಳಿಯುತ್ತದೆ. ಬೀದಿಯವರಿಗೆಲ್ಲ ತಮಾಷೆ. ಅಳತೆ ಮಾತ್ರ ಬುಟ್ಟಿಯಲ್ಲಿ ಬರುವುದಿಲ್ಲ. ಸೊಂಟದ ಸುತ್ತಳತೆಯನ್ನು ಬೀದಿಯಿಂದ ಕೂಗಿ ಹೇಳಲು ಯಾವ ಹೆಂಗಸು ಒಪ್ಪುತ್ತಾಳೆ? ಕೆಲಸ ಅರ್ಧಕ್ಕರ್ಧ ಬಿದ್ದುಹೋಗಿದೆ.

ಸಹಿ ಹಾಕುವುದಿಲ್ಲ. ಗಿರಾಕಿಗಳ ದಾರಿ ಬಿಟ್ಟೆ, ನನ್ನ ದಾರಿ ಬಿಡುವುದಿಲ್ಲ.

ಇಂತಿ,
ತಂಗಿ


ಮೇ 9

ಪುಟ್ಟೀ,

ಬೈಂಡಿಂಗ್‌ನವನ ವಿಷಯಕ್ಕೆ ಈ ಕಾಗದದಲ್ಲಿ ಉತ್ತರ ಬರೆಯುವುದಿಲ್ಲ. ಬರೆಯಲು ಕೂತರೆ ಬೇರೆ ಯಾವುದನ್ನೂ ಬರೆಯಲಾಗುವುದಿಲ್ಲ.

ಔಷಧಿ ಅಂಗಡಿಯವರು ಪಟ್ಟು ಹಿಡಿದಿದ್ದಾರೆ. ನಡುಮನೆ ತೆರವಾಗದೆ ಕೊಳ್ಳುವುದಿಲ್ಲವಂತೆ. ಇಲ್ಲಿಯ ಮಾಲೀಕರು ಹೆಚ್ಚು ದಿನ ಕಾಯುವುದಿಲ್ಲ. ನಾನೂ ಬಿಡುವುದಿಲ್ಲ, ನೀನೂ ಬಿಡುವುದಿಲ್ಲ, ಹಾಗಾಗಿ ಒಂದು ದಾರಿ ಯೋಚಿಸಿದ್ದೇನೆ. ಇದನ್ನು ಪ್ರೀತಿ ಅಂದುಕೊಳ್ಳಬೇಡ, ನನಗಿನ್ನೂ ಸಿಟ್ಟಿದೆ.

ಹಿತ್ತಲ ಗೋಡೆಗೆ ಹೊರಗಿನಿಂದ ಕಬ್ಬಿಣದ ಮೆಟ್ಟಿಲು ಬರಲಿ. ನಿನ್ನ ಅಡುಗೆಮನೆಯ ಕಿಟಕಿ ಬಾಗಿಲಾಗಲಿ. ಮೆಟ್ಟಿಲು ನಿಲ್ಲುವ ನೆಲವೂ, ಅಲ್ಲಿಂದ ಬೀದಿಯವರೆಗಿನ ಓಣಿಯೂ ನನ್ನ ಪಾಲಿನಲ್ಲಿವೆ. ಅಷ್ಟನ್ನು ಬಿಡಿಸಿ ನಿನ್ನ ಹೆಸರಿಗೆ ಬರೆದುಕೊಡುತ್ತೇನೆ. ಉಳಿದದ್ದನ್ನು ಮಾತ್ರ ಅವರಿಗೆ ಮಾರುತ್ತೇನೆ. ಆತನನ್ನು ಒಪ್ಪಿಸಿದ್ದಾಗಿದೆ, ಹಿತ್ತಲು ಹೋದರೆ ಹೋಗಲಿ, ನಡುಮನೆ ಸಿಕ್ಕಿತಲ್ಲ ಎಂದರು.

ಈಗ ನಾನು ಹೇಳುವುದನ್ನು ವಕೀಲರಮ್ಮನಿಗೆ ತೋರಿಸು. ನೆಲದ ಪತ್ರ ಮೊದಲು ನೋಂದಣಿಯಾಗಬೇಕು. ಅದರಲ್ಲಿ ಉದ್ದ ಅಗಲ ಬರೆದಿರಬೇಕು, ನಕ್ಷೆ ಅಂಟಿಸಿರಬೇಕು. ಗಿರಾಕಿಗಳೂ ಓಡಾಡಬಹುದು ಎಂದು ಬಾಯಿಬಿಟ್ಟು ಬರೆಸು. ಕಿಟಕಿ ಒಡೆಯುವ ಮೊದಲು ನಗರಸಭೆಯ ಅನುಮತಿ ಕೈಗೆ ಬಂದಿರಲಿ. ಹೊರಗಿನ ಮೆಟ್ಟಿಲು ನಿಂತು, ನೀನು ಅದರಲ್ಲಿ ಹತ್ತಿ ಇಳಿದು ನೋಡಿದ ಮೇಲೆಯೇ ನಡುಮನೆಯ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕು. ಅದಕ್ಕೆ ಮೊದಲು ಯಾರು ಎಷ್ಟು ಅವಸರ ಮಾಡಿದರೂ ಹಾಕಬೇಡ. ನಾನು ಅತ್ತು ಕರೆದರೂ ಹಾಕಬೇಡ. ನನ್ನ ಬಾಯಿಮಾತನ್ನೂ ನಂಬಬೇಡ.

ಕಬ್ಬಿಣ ನಿನ್ನ ಖರ್ಚು, ನೆಲ ನನ್ನದು. ಕಾಲಿಡುವ ಪಟ್ಟಿಗಳು ಅಗಲವಾಗಿರಲಿ. ಅಳತೆ ಕೊಡಲು ಬರುವವರಲ್ಲಿ ಬಸುರಿಯರೂ ಇರುತ್ತಾರೆ, ಮಂಡಿನೋವಿನವರೂ ಇರುತ್ತಾರೆ. ಅವರನ್ನೆಲ್ಲ ನಿನಗಿಂತ ಚೆನ್ನಾಗಿ ನಾನು ನೋಡಿದ್ದೇನೆ.

ಅಕ್ಕ


ಜುಲೈ 30

ಅಕ್ಕಾ,

ನೋಂದಣಿ ಕಚೇರಿಯಿಂದ ನೀನು ನೇರ ಹೋಗಿ ಬಸ್ಸು ಹತ್ತಿದೆ. ಹಾಗಾಗಿ ಬರೆಯುತ್ತಿದ್ದೇನೆ.

ನೆಲದ ಪತ್ರ ಬರೆದುಕೊಟ್ಟ ದಿನವೂ ನೀನು ಬೆಂಚಿನ ಆ ತುದಿ, ನಾನು ಈ ತುದಿ. ಮೊನ್ನೆ ಮಾರಾಟದ ದಿನವೂ ಹಾಗೇ. ಗುಮಾಸ್ತ ಪತ್ರಗಳನ್ನು ತಿರುವಿಹಾಕುತ್ತ, "ಇವರು ನಿಮಗೇನಾಗ್ಬೇಕು?" ಎಂದು ನನ್ನ ಕಡೆ ಪೆನ್ನು ತೋರಿಸಿ ನಿನ್ನನ್ನು ಕೇಳಿದ. ನೀನು ನನ್ನ ಕಡೆ ತಿರುಗಿಯೂ ನೋಡದೆ, "ಮೇಲಿನ ಮನೆಯವರು" ಅಂದೆ.

ನಾನು ಸಹಿ ಹಾಕಿದೆ. ಮೆಟ್ಟಿಲು ನಿಂತಿತ್ತು, ಹತ್ತಿ ಇಳಿದು ನೋಡಿದ್ದೆ, ನೀನು ಹೇಳಿದ ಕ್ರಮದಲ್ಲೇ ಎಲ್ಲ ಆಗಿತ್ತು. ಆಕ್ಷೇಪಣೆ ಎತ್ತಲು ಏನೂ ಉಳಿದಿರಲಿಲ್ಲ. ಆದರೂ ಸಿಟ್ಟು ಬಂತು. ನೆಲ ಬರೆದುಕೊಡುವಾಗ ಆ ಪತ್ರದಲ್ಲಿ ನೀನೇ ನನ್ನನ್ನು ತಂಗಿ ಎಂದು ಬರೆಸಿದ್ದೆ. ಅದು ಆ ಗುಮಾಸ್ತನ ಮೇಜಿನ ಮೇಲೇ ಇತ್ತು.

ನಿನ್ನೆ ನಡುಮನೆಯ ಮೆಟ್ಟಿಲು ಒಡೆದರು. ಕೆಲಸದವರು ಇದನ್ನು ಕಟ್ಟಿದ ಪುಣ್ಯಾತ್ಮ ಯಾರು ಎಂದು ಬೈದುಕೊಂಡರಂತೆ, ಅಷ್ಟು ಗಟ್ಟಿಯಾಗಿತ್ತು. ನಾನು ಕೆಳಗೆ ಹೋಗಲಿಲ್ಲ. ಮೇಲಿಂದ ನೋಡಿದರೆ ನೆಲದಲ್ಲಿ ಒಂದು ದೊಡ್ಡ ತೂತು, ಅದರೊಳಗೆ ನಿನ್ನ ನಡುಮನೆ. ಸಂಜೆಯ ಹೊತ್ತಿಗೆ ಅದಕ್ಕೂ ಹಲಗೆ ಹೊಡೆದು ಕಾಂಕ್ರೀಟ್ ಸುರಿದರು. ಅದು ಗಟ್ಟಿಯಾದ ಮೇಲೆ ಅಲ್ಲಿ ಬಟ್ಟೆ ಕತ್ತರಿಸುವ ಮೇಜು ಹಾಕಿಕೊಳ್ಳುತ್ತೇನೆ.

ಗಿರಾಕಿಗಳು ಮತ್ತೆ ಬರುತ್ತಿದ್ದಾರೆ. ನನಗೂ ಬೇಕಾದ ಹೊತ್ತಿಗೆ ಹೋಗಬಹುದು, ಬರಬಹುದು, ಎಲ್ಲಿಗೆ ಅಂತ ಕೇಳುವವರಿಲ್ಲ. ಮೊನ್ನೆ ಸಿನಿಮಾ ನೋಡಿಕೊಂಡು ತಡವಾಗಿ ಬಂದೆ. ಯಾರಿಗೂ ಹೇಳದೆ ಹತ್ತಿದೆ, ಯಾರಿಗೂ ಹೇಳದೆ ಮಲಗಿದೆ. ಇದೇ ಬೇಕೆಂದು ಬಾಯಿ ಬಡಿದುಕೊಂಡವಳು ನಾನು. ಹಾಗಾಗಿ ಈ ವಿಷಯದಲ್ಲಿ ಇನ್ನು ಬರೆಯುವುದಿಲ್ಲ.

ಇಂತಿ,
ಮೇಲಿನ ಮನೆಯವಳು


ಆಗಸ್ಟ್ 16

ಪುಟ್ಟೀ,

ಆ ಮಾತನ್ನು ಬೇಕೆಂದೇ ಹೇಳಿದೆ. ನಿನಗೆ ನೋಯಲಿ ಅಂತಲೇ ಹೇಳಿದೆ. ಹೇಳಿದ ಮೇಲೆ ಬಸ್ಸಿನಲ್ಲಿ ಉದ್ದಕ್ಕೂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದೆ. ಪಕ್ಕದಲ್ಲಿ ಕೂತವರು ಪಾಪ ಕಿಟಕಿ ತೆಗೆದುಕೊಟ್ಟರು.

ಬೈಂಡಿಂಗ್‌ನವನನ್ನು ಅವತ್ತು ನಾನು ಮೇಲೆ ಕಳಿಸಬೇಕಿತ್ತು. ಇಷ್ಟೇ ಬರೆಯಲು ಸಾಧ್ಯವಾಗಿದೆ. ನೀನು ಸಿಟ್ಟು ಬಿಡಬೇಕಿಲ್ಲ. ನಾನೂ ಮಂಚದ ವಿಷಯದಲ್ಲಿ ಬಿಟ್ಟಿಲ್ಲ, ಬಿಡುತ್ತೇನೆಂದು ತೋರುವುದೂ ಇಲ್ಲ.

ಈ ಮನೆಯ ಪತ್ರ ಕೈಗೆ ಬಂತು. ಬಾಗಿಲಿಗೆ ಒಳಗಡೆಯಿಂದ ಉದ್ದದ ಚಿಲಕವಿದೆ. ಕ್ಲಿನಿಕ್ಕಿನಿಂದ ಬಂದ ಕೂಡಲೇ ಹಾಕಿಬಿಡುತ್ತೇನೆ. ಮೊನ್ನೆ ಸಂಜೆ ಯಾರೋ ಬಂದು ಬಾಗಿಲು ತಟ್ಟಿದರು. ನಾನು ಕುರ್ಚಿಯಲ್ಲೇ ಕೂತಿದ್ದೆ, ಏಳಲಿಲ್ಲ. ಇನ್ನೊಂದು ಸಲ ತಟ್ಟಿ ಹೊರಟುಹೋದರು. ಯಾರಾಗಿದ್ದರೋ, ಏನು ಬೇಕಿತ್ತೋ. ಬಹಳ ಸುಖವಾಯಿತು ಕಣೇ. ಆ ಸುಖದಲ್ಲಿ ಒಬ್ಬಳೇ ಎಷ್ಟೋ ಹೊತ್ತು ಕೂತಿದ್ದೆ, ದೀಪ ಹಾಕಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಯೂನಿಫಾರಂ ಕೆಲಸವೆಲ್ಲ ಮುಗಿದಿರಬೇಕು. ಬಿಡುವಾದರೆ ಬಾ. ಬಾಯಿಗೆ ಬಂದದ್ದನ್ನೆಲ್ಲ ಎದುರಿಗೇ ಬೈಯಬಹುದು, ಮಧ್ಯೆ ಬರುವವರು ಇಲ್ಲಿ ಯಾರೂ ಇಲ್ಲ. ಆದರೆ ಹೊರಗೆ ನಿಂತು ಬಾಗಿಲು ತಟ್ಟು. ತೆಗೆಯುತ್ತೇನೋ ಇಲ್ಲವೋ, ಆಗ ನೋಡೋಣ. ತಟ್ಟದೆ ಮಾತ್ರ ಒಳಗೆ ಬರಬೇಡ.

ನಿನ್ನ
ಅಕ್ಕ